ಕೆಎಲ್-14 ಎಂಬ ಕೀಟಾಣುವೂ ಅಕ್ಕನ ಭರಣಿಯೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮೂರಿನ ಶಾಲೆಯ ಮಕ್ಕಳೆಲ್ಲ ಒಂದೇ ಏಟಿಗೆ ಮಧ್ಯಾಹ್ನದ ಊಟ ಬಿಟ್ಟದ್ದು ನನ್ನಿಂದ. ಅದಕ್ಕೆ ನನಗೆ ಬೇಕಾದದ್ದು ಒಂದು ಬಿಳಿ ಕೋಟು, ಒಂದು ಟಾರ್ಚು ಮತ್ತು ಎರವಲು ತಂದ ಒಂದು ಭರಣಿ, ಇಷ್ಟೇ. ಕೋಟು ಕಾಲೇಜಿನ ಲ್ಯಾಬಿನದ್ದು, ಟಾರ್ಚು ಅಪ್ಪನದ್ದು. ಭರಣಿ ಯಾರದ್ದು ಎಂದು ಯೋಚಿಸಬೇಕಾದ ಹೊತ್ತಿನಲ್ಲಿ ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಆಗ ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಎರಡನೇ ವರ್ಷದಲ್ಲಿದ್ದೆ. ಪೈವಳಿಕೆಯಿಂದ ಒಳಗಿರುವ ನಮ್ಮೂರಿನಲ್ಲಿ ಆ ವಿಷಯ ಓದಿದವನು ನಾನೊಬ್ಬನೇ. ಹಾಗಾಗಿ ನಾನು ಹೇಳಿದ್ದೆಲ್ಲ ವಿಜ್ಞಾನ. ಬಸ್ಸಿನಲ್ಲಿ ಯಾರಾದರೂ ಸೀನಿದರೆ ಅದು ಎಷ್ಟು ಸೀಟು ಹಿಂದಿನವರೆಗೆ ಹೋಗುತ್ತದೆ ಎಂದು ಕೈಯಲ್ಲಿ ಅಳೆದು ತೋರಿಸುತ್ತಿದ್ದೆ. ಮದುವೆ ಊಟದಲ್ಲಿ ಪಾಯಸ ಬಡಿಸಲು ಬಂದವರನ್ನು ತಡೆದು ಇದನ್ನು ಕಾಸಿ ಎಷ್ಟು ಗಂಟೆಯಾಯಿತು ಎಂದು ವಿಚಾರಿಸುತ್ತಿದ್ದೆ. ಅಮ್ಮ ನನ್ನನ್ನು ಮದುವೆಗಳಿಗೆ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿದರು. ಪರೀಕ್ಷೆಯ ಹಾಲ್‌ನಲ್ಲಿ ಮಾತ್ರ ಈ ಕೋಟ್ಯಂತರ ಕೀಟಾಣುಗಳಲ್ಲಿ ಒಂದಾದರೂ ನನ್ನ ಸಹಾಯಕ್ಕೆ ಬಂದದ್ದಿಲ್ಲ.

ಜೂನ್ ತಿಂಗಳಲ್ಲಿ ನಮ್ಮಲ್ಲಿ ಓದಿನ ವಾರ ಆಚರಿಸುವ ಕ್ರಮ ಉಂಟು. ಊರಿನ ವಾಚನಾಲಯದ ಹುಡುಗರು ಶಾಲೆಗೆ ಹೋಗಿ ಮಕ್ಕಳಿಗೆ ಪುಸ್ತಕದ ರುಚಿ ಹತ್ತಿಸಬೇಕು. ಪ್ರತಿವರ್ಷ ಒಬ್ಬರು ಭಾಷಣ ಮಾಡುತ್ತಿದ್ದರು, ಮಕ್ಕಳು ನಿದ್ದೆ ಮಾಡುತ್ತಿದ್ದರು. ಈ ಸಲ ನಾಟಕ ಮಾಡೋಣ, ಅದೂ ವಿಜ್ಞಾನದ ಥ್ರಿಲ್ಲರ್ ಎಂದು ನಾನೇ ಎದ್ದು ನಿಂತೆ. ವಾಚನಾಲಯದ ಹಿಂದಿನ ಕಪಾಟಿನಲ್ಲಿ ಮುಖಪುಟ ಹರಿದ ಒಂದು ಇಂಗ್ಲಿಷ್ ಕಾದಂಬರಿ ಇತ್ತು. ಎಲ್ಲಿಂದಲೋ ಒಂದು ಕೀಟಾಣು ಬರುತ್ತದೆ, ಮುಟ್ಟಿದವರೆಲ್ಲ ಸಾಯುತ್ತಾರೆ, ವಿಜ್ಞಾನಿಗಳು ನೆಲದಡಿಯ ಲ್ಯಾಬಿನಲ್ಲಿ ಕೂತು ಅದರ ಜೊತೆ ಗುದ್ದಾಡುತ್ತಾರೆ. ಕೊನೆಯ ಮೂವತ್ತೋ ನಲವತ್ತೋ ಪುಟಗಳನ್ನು ಗೆದ್ದಲು ತಿಂದಿತ್ತು. ವಿಜ್ಞಾನಿಗಳು ಗೆದ್ದರೋ ಸೋತರೋ ಗೆದ್ದಲಿಗೆ ಮಾತ್ರ ಗೊತ್ತು.

ನಾನು ಕತೆಯನ್ನು ನಮ್ಮೂರಿಗೆ ತಂದೆ. ಆ ಬೇಸಿಗೆಯಲ್ಲಿ ತೆಂಕು ಕಡೆ ಬಾವಲಿಯಿಂದ ಬರುವ ಜ್ವರದ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತು. ಪೇಟೆಯಲ್ಲಿ ಹಣ್ಣಿನ ಅಂಗಡಿಯವರು ನೊಣ ಓಡಿಸುತ್ತ ಕೂತಿದ್ದರು. ಹಾಗಾಗಿ ನನ್ನ ನಾಟಕದಲ್ಲಿ ಒಂದು ಬಾವಲಿ ಹಲಸಿನಕಾಯಿಗೆ ಬಾಯಿ ಹಾಕಿತು. ಆ ಕಾಯಿಯ ತೊಳೆಯನ್ನು, ನಮ್ಮ ಮಾತಿನಲ್ಲಿ ಸೊಳೆಯನ್ನು, ಒಬ್ಬರು ಉಪ್ಪುನೀರಿನ ಭರಣಿಯಲ್ಲಿ ಹಾಕಿಟ್ಟರು. ಭರಣಿಯ ಒಳಗೆ ಕತ್ತಲೆಯಲ್ಲಿ ಕೀಟಾಣು ಬೆಳೆಯಿತು. ಅದಕ್ಕೊಂದು ಗಂಭೀರವಾದ ವೈಜ್ಞಾನಿಕ ಹೆಸರು ಬೇಕಿತ್ತು. ಬಸ್ಸಿಗೆ ಕಾಯುತ್ತ ಯೋಚಿಸಿದೆ, ಎದುರಿಗೆ ನಿಂತ ರಿಕ್ಷಾದ ನಂಬರ್ ಪ್ಲೇಟು ನೋಡಿದೆ, ಕೆಎಲ್-14 ಎಂದು ಇಟ್ಟೆ. ಇಡೀ ಜಿಲ್ಲೆಯ ಬೈಕು, ಕಾರು, ಲಾರಿಗಳೆಲ್ಲ ಅದೇ ಹೆಸರು ಹೊತ್ತು ಓಡಾಡುತ್ತವೆ ಎಂಬುದು ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನೇ ಇಡುತ್ತಿದ್ದೆ.

ವಿಜ್ಞಾನಿಗಳ ರಕ್ಷಾಕವಚಕ್ಕೆ ಅಡಿಕೆಗೆ ಮದ್ದು ಬಿಡುವವರ ರೈನ್‌ಕೋಟು ಸಿಕ್ಕಿತು. ಮೈಲುತುತ್ತಿನ ನೀಲಿ ಕಲೆಗಳಿಂದ ಅವು ನಿಜವಾಗಿಯೂ ಬೇರೆ ಗ್ರಹದಿಂದ ಬಂದಂತೆ ಇದ್ದವು. ಪೈಪಿನ ತುಂಡಿಗೆ ಸ್ಟೀಲ್ ಲೋಟ ಸಿಕ್ಕಿಸಿ ಸೂಕ್ಷ್ಮದರ್ಶಕ ಮಾಡಿದೆವು. ಸೊಳೆ ತಿಂದವರಿಗೆ ಎಷ್ಟು ದಿನಕ್ಕೆ ಜ್ವರ ಬರಬೇಕು ಎಂಬ ಪ್ರಶ್ನೆ ಬಂತು. ದಿನ ಉರುಳುವುದನ್ನು ತೋರಿಸಲು ನಮ್ಮ ಹತ್ತಿರ ಹಾಳೆ ಹರಿಯುವ ಹಳೆಯ ಕ್ಯಾಲೆಂಡರ್ ಇತ್ತು, ಕಳೆದ ವರ್ಷದ್ದು. ಅದರಲ್ಲಿ ಯಾರೂ ಹರಿಯದೆ ಉಳಿದದ್ದು ಡಿಸೆಂಬರಿನ ಕೊನೆಯ ನಾಲ್ಕು ಹಾಳೆ. ಆದ್ದರಿಂದ ನಾಲ್ಕು ದಿನ. ವಿಜ್ಞಾನದಲ್ಲಿ ಇಷ್ಟು ಸುಲಭವಾಗಿ ಸಂಶೋಧನೆ ಮುಗಿದದ್ದನ್ನು ನಾನು ಮತ್ತೆ ಕಂಡಿಲ್ಲ.

ಇನ್ನು ಭರಣಿ. ಶಾಲೆಯಲ್ಲಿ ಅಡುಗೆ ಮಾಡುವ ಅಕ್ಕನ ಹತ್ತಿರ ಒಂದು ಇತ್ತು, ಮೇಲರ್ಧ ಕಂದು, ಕೆಳಗೆ ಬಿಳಿ, ಕಿವಿಯ ಹತ್ತಿರ ಚಂದ್ರನ ಆಕಾರದಲ್ಲಿ ಸ್ವಲ್ಪ ಒಡೆದದ್ದು. ನಾನು ಒಂದನೇ ಕ್ಲಾಸಿನಲ್ಲಿದ್ದಾಗಲೂ ಅದು ಶಾಲೆಯ ಅಡುಗೆಕೋಣೆಯ ಮೂಲೆಯಲ್ಲಿಯೇ ಇತ್ತು. ಅಕ್ಕ ಮೇ ತಿಂಗಳಲ್ಲಿ ಮನೆಯಲ್ಲಿ ಹಲಸಿನ ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿ, ಶಾಲೆ ಶುರುವಾದ ಮೇಲೆ ಭರಣಿ ಸಮೇತ ತಂದು ಇಡುತ್ತಿದ್ದರು. ಮಳೆಗಾಲದಲ್ಲಿ ತರಕಾರಿಗೆ ಕಷ್ಟ ಇರುವಾಗ ಆ ಉಪ್ಪುಸೊಳೆಯ ಪಲ್ಯ ಮಕ್ಕಳಿಗೆ. ಯಾರೂ ಅವರಿಗೆ ಹೇಳಿದ್ದಲ್ಲ, ಯಾವ ಲೆಕ್ಕದಲ್ಲಿಯೂ ಅದು ಇಲ್ಲ. ನಾನೂ ಏಳು ಮಳೆಗಾಲ ಅದನ್ನು ತಿಂದು ದೊಡ್ಡವನಾದವನು.

ಭರಣಿ ಕೊಡ್ತೀರಾ ಎಂದು ಕೇಳಿದೆ. ಬಾಯಿಗೆ ಬಾಳೆಎಲೆ, ಅದರ ಮೇಲೆ ಬಟ್ಟೆ ಬಿಗಿದು ಕಟ್ಟಿತ್ತು. ಆ ವರ್ಷದ್ದನ್ನು ಇನ್ನೂ ತೆರೆದಿರಲಿಲ್ಲ.

"ಸೋಮವಾರ ತೆಗಿಲಿಕ್ಕುಂಟು, ಅಷ್ಟರಲ್ಲಿ ವಾಪಸ್ ಬೇಕು," ಎಂದರು ಅಕ್ಕ. "ಎಂತಕ್ಕೆ ಇದು?"

"ನಾಟಕದಲ್ಲಿ ಮುಖ್ಯ ಪಾತ್ರ ಇದರದ್ದೇ ಅಕ್ಕ," ಎಂದೆ.

ಅವರಿಗೆ ಖುಷಿಯಾಯಿತು. ಸೆರಗಿನಿಂದ ಭರಣಿಯನ್ನು ಒರೆಸಿಕೊಟ್ಟರು.

ಶನಿವಾರ ಮಧ್ಯಾಹ್ನ ನಾಟಕ. ಹೊರಗೆ ಮಳೆ, ಶಾಲೆಯ ಹಾಲ್‌ನ ಕಿಟಕಿಗಳನ್ನೆಲ್ಲ ಹಾಕಿದ್ದರಿಂದ ಒಳಗೆ ಬೇಕಾದಷ್ಟು ಕತ್ತಲೆ. ನನ್ನ ಜೀವನದಲ್ಲಿ ನಾನು ಕೈ ಹಾಕಿದ ಒಂದು ಕೆಲಸ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆದದ್ದು ಅಂದು ಒಮ್ಮೆ ಮಾತ್ರ. ಟಾರ್ಚಿನ ಮೇಲೆ ಹಸಿರು ಕಾಗದ ಸುತ್ತಿ ಭರಣಿಯ ಮೇಲೆ ಬೆಳಕು ಬಿಟ್ಟೆವು. ಕ್ಯಾಲೆಂಡರಿನ ಹಾಳೆ ಒಂದೊಂದಾಗಿ ಹರಿಯಿತು. ನಾಲ್ಕನೆಯದು ಹರಿದಾಗ ಸೊಳೆ ತಿಂದವನು ಬಿದ್ದ. ಮುಖ್ಯ ವಿಜ್ಞಾನಿಯಾದ ನಾನು, ಇದ್ದ ಒಂದೇ ಒಂದು ಮದ್ದನ್ನು ನನಗೇ ಚುಚ್ಚಿಕೊಂಡು ಭರಣಿಯ ಎದುರು ನಿಂತೆ. ಇಲ್ಲಿಂದ ಮುಂದೆ ಗೆದ್ದಲು ತಿಂದ ಭಾಗ. ನನಗೆ ಮುಕ್ತಾಯ ಹೊಳೆದಿರಲಿಲ್ಲ. ಹೊಳೆಯದಿದ್ದದ್ದನ್ನು ಕಲೆ ಎಂದು ತೋರಿಸುವ ಉಪಾಯ ನನಗೆ ಗೊತ್ತಿತ್ತು. ಕಟ್ಟು ಬಿಚ್ಚಿ ಭರಣಿಯ ಬಾಯಿ ತೆರೆದೆ, ಮಕ್ಕಳ ಕಡೆಗೆ ವಾಲಿಸಿದೆ, "ಇದು ಈಗ ನಿಮ್ಮ ನಡುವೆ ಉಂಟು" ಎಂದೆ, ಟಾರ್ಚು ಆರಿಸಿದೆ. ಉಪ್ಪುಸೊಳೆಯ ಹುಳಿ ವಾಸನೆ ಕತ್ತಲೆಯಲ್ಲಿ ಮುಂದಿನ ಸಾಲಿನ ಮೇಲೆ ಹೋಗಿ ಕೂತಿತು.

ಕೂಡಲೇ ಎರಡನೇ ಕ್ಲಾಸಿನವರು ಒಟ್ಟಿಗೆ ಅಳಲು ಶುರು ಮಾಡಿದರು. ನಾನು ಅದನ್ನು ಚಪ್ಪಾಳೆ ಎಂದು ಲೆಕ್ಕ ಹಾಕಿದೆ.

ಅಕ್ಕ ಹಿಂದಿನ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ನಾನು ಭರಣಿ ವಾಪಸ್ ಕೊಟ್ಟಾಗ ಬಟ್ಟೆಯನ್ನು ಪುನಃ ಬಿಗಿಯಾಗಿ ಕಟ್ಟಿದರು.

ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟವನನ್ನು ಮಧ್ಯಾಹ್ನ ಹೆಡ್‌ಮಾಷ್ಟ್ರು ಫೋನ್ ಮಾಡಿ ಕರೆಸಿದರು. ಶಾಲೆಯ ಜಗಲಿಯಲ್ಲಿ ಅನ್ನದ ಪಾತ್ರೆ ಮುಚ್ಚಳ ಹಾಕಿಕೊಂಡು ಕೂತಿತ್ತು. ಮಕ್ಕಳು ಸಾಲಿಗೆ ಬಂದದ್ದೇ ಇಲ್ಲವಂತೆ. ಕೆಲವರು ಮನೆಯಿಂದ ಬುತ್ತಿ ತಂದಿದ್ದರು, ಕೆಲವರು ಉಪವಾಸ. ಉಪ್ಪುಸೊಳೆ ಮಾತ್ರವಲ್ಲ, ಆ ಅಡುಗೆಕೋಣೆಯ ನೀರೂ ಬೇಡ ಎಂಬಲ್ಲಿಗೆ ಮುಟ್ಟಿತ್ತು. ಚಂದ್ರನ ಆಕಾರದಲ್ಲಿ ಒಡೆದ ಭರಣಿ ಯಾರದ್ದೆಂದು ಗೊತ್ತಿಲ್ಲದ ಮಗು ಆ ಶಾಲೆಯಲ್ಲಿ ಒಂದೂ ಇರಲಿಲ್ಲ. ಆ ಮಕ್ಕಳು ಭಾನುವಾರ ಇಡೀ ಮನೆಯಲ್ಲಿ ಕತೆ ಹೇಳಿದ್ದರು. ತಾಯಂದಿರು ಟಿವಿಯ ಬಾವಲಿಯನ್ನೂ ನನ್ನ ಬಾವಲಿಯನ್ನೂ ಸೇರಿಸಿ ಒಂದು ಮಾಡಿದ್ದರು.

ಸ್ವಲ್ಪ ಸಮಯಕ್ಕಾದರೂ ಅಡುಗೆಗೆ ಬೇರೆ ಯಾರನ್ನಾದರೂ ನೋಡಬಹುದಲ್ಲ ಎಂದು ಇಬ್ಬರು ತಾಯಂದಿರು ಬಂದು ಹೇಳಿಹೋಗಿದ್ದಾರೆ ಎಂದರು ಹೆಡ್‌ಮಾಷ್ಟ್ರು. ಎಷ್ಟು ಮಕ್ಕಳು ಉಂಡರು ಎಂದು ದಿನವೂ ಮೇಲಿನ ಆಫೀಸಿಗೆ ಕಳಿಸಲಿಕ್ಕುಂಟು. ಶುಕ್ರವಾರ ಮಧ್ಯಾಹ್ನದ ಮೇಲೆ ಊಟದ ಕಮಿಟಿ ಸೇರುತ್ತದೆ. ಅಷ್ಟರಲ್ಲಿ ಮಕ್ಕಳು ಸಾಲಿಗೆ ಬಾರದಿದ್ದರೆ ಅಕ್ಕನನ್ನು ಉಳಿಸಿಕೊಳ್ಳುವುದು ತನ್ನ ಕೈಯಲ್ಲಿ ಇಲ್ಲ. ಅಷ್ಟು ವರ್ಷ ಅದೇ ಒಲೆಯ ಎದುರು ನಿಂತವರನ್ನು ಒಂದು ನಾಟಕದ ದೆಸೆಯಿಂದ ಹೋಗಿ ಎನ್ನುವುದು ಹೇಗೆ ಎಂದು ಅವರೂ ಕಷ್ಟದಲ್ಲಿದ್ದರು.

"ಕೀಟಾಣು ಬಿಟ್ಟವ ನೀನು," ಎಂದರು. "ಹಿಡಿಯುವುದೂ ನೀನೇ."

ಹಿಡಿಯಲು ಹೊರಟೆ. ಒಳಗೆ ಹೋಗಿ ಅಕ್ಕನ ಹತ್ತಿರ ಬಟ್ಟಲು ಕೇಳಿದೆ, ಜಗಲಿಯ ನಡುವಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ, ಮಕ್ಕಳೆಲ್ಲ ನೋಡುತ್ತಿರುವಂತೆ ಅನ್ನ ಸಾಂಬಾರು ಎರಡು ಸಲ ಹಾಕಿಸಿಕೊಂಡು ಉಂಡೆ. ಹೊಟ್ಟೆ ಸವರಿಕೊಂಡೆ. ತೇಗಿದೆ. ಎಂತ ಆಯಿತು ನನಗೆ, ಎಂದು ಕೈ ಅಗಲಿಸಿದೆ.

ಐದನೇ ಕ್ಲಾಸಿನ ಎರಡು ಜಡೆಯ ಹುಡುಗಿಯೊಬ್ಬಳು ಮುಂದೆ ಬಂದಳು.

"ನಿಮಗೆ ಎಂತ ಆಗ್ತದೆ? ನೀವು ಮದ್ದು ಚುಚ್ಚಿಕೊಂಡಿದ್ದೀರಲ್ಲ."

ಉಳಿದವರು ತಲೆಯಾಡಿಸಿದರು. ಇದ್ದ ಒಂದೇ ಮದ್ದನ್ನು ಹೀರೋಗೆ ಕೊಟ್ಟ ಲೇಖಕನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಬಟ್ಟಲು ತೊಳೆಯಲು ಹಿಂದೆ ಹೋದಾಗ ಅಕ್ಕ ಒಲೆಯ ಹತ್ತಿರ ಭರಣಿಯ ಎದುರು ಕೂತಿದ್ದರು. ಉಪ್ಪುಸೊಳೆ ತೆಗೆದು ನೀರಿನಲ್ಲಿ ನೆನೆಹಾಕಿದ್ದರು, ಉಪ್ಪು ಬಿಡಲಿಕ್ಕೆ. ಒಂದು ಹಿಡಿ, ಅಷ್ಟೇ. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆಯುವ ಮೊದಲು ಅವರೇ ಕೇಳಿದರು.

"ಅಲ್ಲ, ಆ ನಿನ್ನ ನಾಟಕದಲ್ಲಿ, ತಿಂದು ಎಷ್ಟು ದಿನಕ್ಕೆ ಜ್ವರ ಬರುವುದು?"

ಇಷ್ಟು ಗಲಾಟೆಯ ನಡುವೆಯೂ ನನ್ನ ನಾಟಕದ ಮೇಲೆ ಒಬ್ಬರಿಗೆ ಆಸಕ್ತಿ ಉಂಟಲ್ಲ ಎಂದು ನನಗೆ ಹೆಮ್ಮೆಯಾಯಿತು. "ನಾಲ್ಕು ದಿನ ಅಕ್ಕ," ಎಂದೆ. ಲ್ಯಾಬಿನಲ್ಲಿ ಹತ್ತು ವರ್ಷ ಕಳೆದವನ ಗತ್ತಿನಲ್ಲಿ ಸೇರಿಸಿದೆ, "ನಾಲ್ಕು ಕಳೆದರೆ ಮತ್ತೆ ಭಯ ಇಲ್ಲ."

"ನಾಲ್ಕು," ಎಂದರು ಅಕ್ಕ. ಎದ್ದು ಬಾಣಲೆ ಇಟ್ಟರು.

ಮಂಗಳವಾರಕ್ಕೆ ನನ್ನ ಎರಡನೇ ಸಾಹಸ. ಭರಣಿಯ ಉಪ್ಪುನೀರನ್ನು ಸಣ್ಣ ಬಾಟಲಿಯಲ್ಲಿ ಹಿಡಿದು ಕಾಲೇಜಿಗೆ ಒಯ್ದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಮೊಸರಿನಲ್ಲಿಯೂ ದೋಸೆಹಿಟ್ಟಿನಲ್ಲಿಯೂ ಇರುವಂಥ ಬಡಪಾಯಿಗಳು, ಯಾರ ತಂಟೆಗೂ ಹೋಗದವು, ತಮ್ಮಷ್ಟಕ್ಕೆ ಸಂಸಾರ ಮಾಡಿಕೊಂಡಿದ್ದವು. ಮಕ್ಕಳು ಇದನ್ನು ಕಣ್ಣಾರೆ ಕಂಡರೆ ಹೆದರಿಕೆ ಹೋಗುತ್ತದೆ ಎಂದುಕೊಂಡೆ. ಮೊಬೈಲಿನಲ್ಲಿ ಫೋಟೊ ತೆಗೆದು, ಕಾಸರಗೋಡಿನ ಪ್ರಿಂಟಿನ ಅಂಗಡಿಯಲ್ಲಿ ಬಾಗಿಲಿನಷ್ಟು ದೊಡ್ಡದು ಮಾಡಿಸಿ, ಬಸ್ಸಿನಲ್ಲಿ ಮಡಚದೆ ತಂದು, ಬುಧವಾರ ಬೆಳಿಗ್ಗೆ ಶಾಲೆಯ ಗೋಡೆಗೆ ಅಂಟಿಸಿದೆ. ಕೆಳಗೆ ಕೆಂಪು ಶಾಯಿಯಲ್ಲಿ "ಇವರು ನಮ್ಮ ಮಿತ್ರರು" ಎಂದು ಬರೆದೆ.

ಒಂದೊಂದು ಕೀಟಾಣುವೂ ಬೆಂಡೆಕಾಯಿಯಷ್ಟು ದೊಡ್ಡದಿತ್ತು. ಅಂಗಡಿಯವರು ಚಂದ ಕಾಣಲೆಂದು ಬಣ್ಣ ಬೇರೆ ಏರಿಸಿದ್ದರು. ಹತ್ತು ಗಂಟೆಗೆ ಮಕ್ಕಳು ನೋಡಿದರು, ಹನ್ನೊಂದಕ್ಕೆ ತಾಯಂದಿರು ನೋಡಿದರು, ಹನ್ನೊಂದೂವರೆಗೆ ಹೆಡ್‌ಮಾಷ್ಟ್ರು ತಾವೇ ಸ್ಟೂಲು ಹತ್ತಿ ಅದನ್ನು ಕಿತ್ತರು. ಅಲ್ಲಿಯವರೆಗೆ ಹಸಿವು ತಡೆಯದೆ ಕದ್ದುಮುಚ್ಚಿ ಅನ್ನ ಹಾಕಿಸಿಕೊಳ್ಳುತ್ತಿದ್ದ ಮೂರೋ ನಾಲ್ಕೋ ಮಕ್ಕಳೂ ಅಂದಿನಿಂದ ನಿಲ್ಲಿಸಿದರು. ಇದನ್ನು ನಾನು ಒಬ್ಬನೇ ಸಾಧಿಸಿದೆ, ಯಾರ ನೆರವೂ ಇರಲಿಲ್ಲ.

ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ. ಅಮ್ಮ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ನಿನಗೆ ಒಂದನೇ ಕ್ಲಾಸಿನಲ್ಲಿ ಮಂಗನಬಾವು ಬಂದಾಗ ಶಾಲೆಯಿಂದ ದಿನವೂ ಗಂಜಿ ಕಟ್ಟಿಕೊಂಡು ಬಂದು ಕೊಟ್ಟದ್ದು ಆ ಅಕ್ಕನೇ, ಗೊತ್ತುಂಟಾ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಗುರುವಾರ ಕಾಲೇಜಿಗೆ ಹೋಗದೆ ಶಾಲೆಯ ಗೇಟಿನ ಹತ್ತಿರ ನಿಂತೆ. ಮೂರನೇ ಸಾಹಸ ಏನೂ ಇರಲಿಲ್ಲ, ಇದ್ದಿದ್ದರೆ ಊರೇ ಖಾಲಿಯಾಗುತ್ತಿತ್ತು. ಸುಮ್ಮನೆ ನಿಂತು ನೋಡಿದೆ. ಊಟದ ಗಂಟೆ ಹೊಡೆಯಿತು. ಅಕ್ಕ ಅನ್ನದ ಪಾತ್ರೆ ತಂದು ಜಗಲಿಯಲ್ಲಿ ಇಟ್ಟರು, ಯಾರೂ ಬರಲಿಲ್ಲ. ಯಾರನ್ನೂ ಅವರು ಕರೆಯಲಿಲ್ಲ. ಜಗಲಿಯ ತುದಿಯಲ್ಲಿ ಒಬ್ಬರೇ ಕೂತು, ಅನ್ನದ ಜೊತೆ ಉಪ್ಪುಸೊಳೆಯ ಪಲ್ಯ ಹಾಕಿಕೊಂಡು, ನಿಧಾನವಾಗಿ ಉಂಡರು. ಬಟ್ಟಲನ್ನು ಬೇರೆಯಾಗಿ ಇಟ್ಟು ಬೇರೆಯಾಗಿ ತೊಳೆದರು. ಬುತ್ತಿಯ ಮುಚ್ಚಳ ತೆರೆದ ಮಕ್ಕಳು ತಿನ್ನುವುದನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು. ಎರಡು ಜಡೆಯ ಹುಡುಗಿ ಬೆರಳು ಮಡಚುತ್ತಿದ್ದಳು.

ಎಷ್ಟಾಯಿತು ಎಂದು ಕೇಳಿದೆ.

"ಸೋಮವಾರದಿಂದ ಲೆಕ್ಕ," ಎಂದಳು. "ಇವತ್ತಿಗೆ ನಾಲ್ಕು. ನಾಳೆ ಬಂದರೆ ಅಕ್ಕ ಗೆದ್ದ ಹಾಗೆ."

ಆಗ ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ನಾನು ಅಂದುಕೊಂಡೆ. ನನ್ನ ನಾಟಕದ ನಿಯಮವನ್ನೇ ಹಿಡಿದು ಅಕ್ಕ ನನಗೆ ತಿರುಗಿಸಿ ಹೊಡೆಯುತ್ತಿದ್ದಾರೆ. ಮಾತಿಲ್ಲ, ಪೋಸ್ಟರ್ ಇಲ್ಲ, ದಿನಕ್ಕೊಂದು ಬಟ್ಟಲು ಊಟ. ಎಂಥ ನಿರ್ದೇಶನ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಶುಕ್ರವಾರ ಬೆಳಿಗ್ಗೆ ಮಳೆ ಹೊಡೆಯುತ್ತಿತ್ತು. ಮಕ್ಕಳು ಕ್ಲಾಸಿಗೆ ಹೋಗದೆ ಜಗಲಿಯಲ್ಲಿ ಸಾಲಾಗಿ ನಿಂತು ದಾರಿ ನೋಡುತ್ತಿದ್ದರು. ಒಂಬತ್ತಾಯಿತು, ಅಕ್ಕ ಕಾಣಲಿಲ್ಲ. ಒಂಬತ್ತೂಕಾಲು. ಹೆಡ್‌ಮಾಷ್ಟ್ರು ಎರಡು ಸಲ ಹೊರಗೆ ಬಂದು ಒಳಗೆ ಹೋದರು. ಕೆಎಲ್-14ನ್ನು ರಿಕ್ಷಾದ ನಂಬರಿನಿಂದ ಹುಟ್ಟಿಸಿದವನು ನಾನು, ನಾಲ್ಕು ದಿನವನ್ನು ಹಳೆಯ ಕ್ಯಾಲೆಂಡರಿನಿಂದ ಹರಿದವನು ನಾನು. ಆದರೂ ಆ ಕಾಲು ಗಂಟೆ ನಾನು ಅದನ್ನು ನಂಬಿದೆ. ದೇವರೇ, ಅವರಿಗೆ ಜ್ವರ ಒಂದು ಬಾರದಿರಲಿ ಎಂದು ಬೇಡಿಕೊಂಡೆ.

ತಿರುವಿನಲ್ಲಿ ಕೊಡೆ ಕಂಡಿತು. ದಾರಿಯ ತೋಡು ಮಳೆಗೆ ತುಂಬಿ, ದಾಟುವ ಕಾಲುಸಂಕದ ಮೇಲೆ ನೀರು ಬಂದದ್ದರಿಂದ ಸುತ್ತು ಬಳಸಿ ಬಂದಿದ್ದರು. ಮಕ್ಕಳು ಕೂಗಿದ ಕೂಗಿಗೆ ಅಕ್ಕ ಹೆದರಿ ಅಲ್ಲಿಯೇ ನಿಂತರು.

ಅಂದು ಮಧ್ಯಾಹ್ನ ಮೊದಲು ಬಟ್ಟಲು ಹಿಡಿದು ಬಂದವಳು ಅದೇ ಹುಡುಗಿ. ಅಕ್ಕ ಅನ್ನ ಬಡಿಸಿದರು, ಸಾಂಬಾರು ಬಡಿಸಿದರು. ಹುಡುಗಿ ಹೋಗಲಿಲ್ಲ. ಪಲ್ಯ ಇಲ್ಲವಾ ಎಂದು ಕೇಳಿದಳು. ಅವಳ ಹಿಂದೆ ಸಾಲು ಬೆಳೆಯಿತು. ಭರಣಿ ಅರ್ಧಕ್ಕೆ ಇಳಿಯಿತು. ಮೂರು ಗಂಟೆಗೆ ಕಮಿಟಿಯವರು ಬಂದಾಗ ಅವರಿಗೆ ನೋಡಲು ಸಿಕ್ಕಿದ್ದು ಖಾಲಿ ಪಾತ್ರೆಗಳು. ಹೆಡ್‌ಮಾಷ್ಟ್ರು ಅವರಿಗೆ ಚಹಾ ಕೊಟ್ಟು, ಶಾಲೆಯ ಹಂಚಿನ ಮಾಡು ಸೋರುವ ವಿಷಯ ಎತ್ತಿದರು.

ಎಲ್ಲರೂ ಹೋದ ಮೇಲೆ ನಾನು ಅಡುಗೆಕೋಣೆಗೆ ಹೋದೆ. ಪಾತ್ರೆ ತೊಳೆದು ಕೊಟ್ಟೆ, ಮಂಗನಬಾವಿನ ಗಂಜಿಗೆ ಹದಿಮೂರು ವರ್ಷ ತಡವಾಗಿ. ತಪ್ಪಾಯಿತು ಎಂದೂ ಹೇಳಿದೆ. ಅದು ಬಾಯಿಯಿಂದ ಹೊರಗೆ ಬಂದ ಕೂಡಲೇ ಹಳೆಯ ಚಾಳಿ ಹಿಂದಿನಿಂದ ನುಗ್ಗಿತು. ಅಕ್ಕ, ನಮ್ಮ ತಂಡದಲ್ಲಿ ನಿಮ್ಮಷ್ಟು ಚಂದ ನಾಟಕ ಮಾಡುವವರು ಯಾರೂ ಇಲ್ಲ, ನಾಲ್ಕು ದಿನ ಒಂದೇ ಪಾತ್ರ, ಒಂದು ಮಾತೂ ಇಲ್ಲದೆ, ಎಂದು ಹೊಗಳಿದೆ.

ಅಕ್ಕ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದವರು ನಿಲ್ಲಿಸಿದರು.

"ನಾಟಕ ಎಂತ ಮಾರಾಯ? ನನಗೇ ಹೆದರಿಕೆ ಇತ್ತು. ಈ ಸಲದ ಒಂದು ಕಾಯಿಯಲ್ಲಿ ಎಂತದೋ ಕಚ್ಚಿದ ಗುರುತು ಇತ್ತು. ಅಷ್ಟನ್ನು ಕೊಯ್ದು ಬಿಸಾಡಿ ಉಳಿದದ್ದನ್ನು ಹಾಕಿದ್ದೆ. ನೀನು ಕೀಟಾಣುವನ್ನೇ ಓದುವವ. ಎಂತಾದರೂ ಗೊತ್ತಿಲ್ಲದೆ ನನ್ನ ಭರಣಿಯನ್ನೇ ಕೇಳ್ತಾನಾ ಅಂತ ನನಗೆ ಆಯ್ತು. ಮಕ್ಕಳಿಗೆ ಬಡಿಸುವುದು ನಾನಲ್ಲವಾ? ನಾಲ್ಕು ದಿನ ಅಂತ ನೀನೇ ಹೇಳಿದಿ. ಮೊದಲು ನಾನು ತಿಂದು ನೋಡುವ ಅಂತ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಚಾವಡಿಯಲ್ಲಿ ಬೇರೆ ಮಲಗಿದೆ, ಅಷ್ಟೇ."

ನಾನು ತೊಳೆದು ಕವುಚಿ ಹಾಕಿದ ಪಾತ್ರೆಯ ಮೇಲೆಯೇ ಕೂತೆ. ನನ್ನ ಬಾಯಿಂದ ಬಂದದ್ದು, ನಾನು ಮೊದಲ ವರ್ಷವೇ ಕಲಿತು ಪರೀಕ್ಷೆಯಲ್ಲಿಯೂ ಬರೆದಿದ್ದ ಒಂದೇ ಒಂದು ಸಂಗತಿ. ಅಕ್ಕ, ಹಾಗೆ ಬಾವಲಿಯ ಬಾಯಿಂದ ಬರುವಂಥದ್ದು ಎಂತ ಇದ್ದರೂ ನೀವು ಪಲ್ಯ ಬೇಯಿಸುವ ಹಾಗೆ ಚೆನ್ನಾಗಿ ಬೇಯಿಸಿದರೆ ಉಳಿಯುವುದಿಲ್ಲ, ಎಂದೆ.

ಅಕ್ಕ ನನ್ನನ್ನು ನೋಡಿದರು. ಕೈಯಲ್ಲಿದ್ದ ದಾರವನ್ನು ಭರಣಿಯ ಕೊರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು.

"ಅಷ್ಟನ್ನು ಆ ನಾಟಕದ ಕೊನೆಗೆ ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು ಮಾರಾಯ?" ಎಂದರು. "ಈಗ ಆ ಪಾತ್ರೆಯಿಂದ ಏಳು, ನಾಳೆಗೆ ಬೇಕು."